ಮಗ್ಗ ಮುಂದಕ್ಕೆ ಸರಿಯಲ್ಲ, ಗೋಡೆ ಹಿಂದಕ್ಕೆ ಹೋಗಲ್ಲ: ಇಳಕಲ್‌ನ ಒಂದು ಹ್ಯಾಂಡಿಕ್ಯಾಮ್ ಶೂಟಿಂಗ್

ಇಳಕಲ್‌ನಲ್ಲಿ ಒಂದು ನೇಕಾರರ ಮನೆ. ಹದಿನೈದು ಅಡಿ ಉದ್ದದ ಕೋಣೆ. ಅದರ ಒಂದು ತುದಿಗೆ ಕುಣಿ ಮಗ್ಗ. ನೇಯುವ ಹೆಂಗಸು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಬೆನ್ನ ಹಿಂದೆ ಒಂದಡಿ ಜಾಗ, ಆಮೇಲೆ ಗೋಡೆ. ಗೋಡೆಯ ಮೇಲೆ ಕ್ಯಾಲೆಂಡರ್, ದೇವರ ಫೋಟೊ, ಸ್ವಿಚ್ ಬೋರ್ಡ್, ಮೊಳೆಗೆ ನೇತುಹಾಕಿದ ಸಂತೆ ಚೀಲ. ಅವರ ತಂಗಿಯ ಮಗಳು ಕಾಲೇಜು ಓದುತ್ತಾಳೆ. ದೊಡ್ಡವ್ವನ ಕೆಲಸದ ಮೇಲೆ ಆರೇಳು ನಿಮಿಷದ ಒಂದು ವಿಡಿಯೊ ಮಾಡಬೇಕು ಅನ್ನುವುದು ಅವಳ ಆಸೆ. ತಾನೇ ಒಂದಿಷ್ಟು ಶೂಟ್ ಮಾಡಿ ನನಗೆ ತೋರಿಸಿದಳು. ದೂರು ಒಂದೇ ಸಾಲಿನದು: "ಎಲ್ಲಾ ಕಾಣತೈತ್ರಿ ಸರ, ದೊಡ್ಡವ್ವ ಒಬ್ಬಾಕಿ ಕಾಣವಲ್ಲಳು."

ಸರಿಯಾಗೇ ಹೇಳಿದ್ದಳು. ಮುಖ ಎಷ್ಟು ಶಾರ್ಪ್ ಇತ್ತೋ ಕ್ಯಾಲೆಂಡರಿನ ತಾರೀಕೂ ಅಷ್ಟೇ ಶಾರ್ಪ್. ನೋಡುವವರ ಕಣ್ಣು ಮೊದಲು ಹೋಗುವುದು ಸ್ವಿಚ್ ಬೋರ್ಡಿಗೆ.

ಅವಳ ಕೈಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಸೋನಿ ಎಎಕ್ಸ್100. 2014ರಲ್ಲಿ ಬಂದ ಹ್ಯಾಂಡಿಕ್ಯಾಮ್. ಒಂದಿಂಚಿನ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಅನ್ನುತ್ತಾರೆ, ಅಳೆದರೆ ಅಗಲ 13.2 ಮಿಮೀ. ವಿಡಿಯೊಗೆ ಬಳಕೆಯಾಗುವುದು ಸುಮಾರು 12 ಮಿಮೀ. ಲೆನ್ಸ್ ಬದಲಾಯಿಸುವ ಹಾಗಿಲ್ಲ. ಇರುವ ಲೆನ್ಸ್ 9.3ರಿಂದ 111.6 ಮಿಮೀವರೆಗೆ ಝೂಮ್ ಆಗುತ್ತದೆ. ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ತೂತು, ವೈಡ್‌ನಲ್ಲಿ ಎಫ್2.8, ಪೂರ್ತಿ ಝೂಮ್‌ನಲ್ಲಿ ಎಫ್4.5. ಎಫ್ ನಂಬರ್ ಜಾಸ್ತಿಯಾದಷ್ಟೂ ತೂತು ಸಣ್ಣದು. ಅವಳ ಗೆಳೆಯರೊಬ್ಬರ ಹತ್ತಿರ ಹಳೆಯ ಡಿಎಸ್ಎಲ್ಆರ್, ಅಂದರೆ ಲೆನ್ಸ್ ಬದಲಾಯಿಸಬಹುದಾದ ಫೋಟೊ ಕ್ಯಾಮೆರಾ ಇತ್ತು. ಬೇಕಾದರೆ ಒಂದು ದಿನದ ಮಟ್ಟಿಗೆ ಸಿಗುತ್ತದೆ ಅಂದಳು. ಜೊತೆಗೆ ಮೊಬೈಲು.

ಮೊದಲು ನಾನು ಕೇಳಿದ್ದು ಕ್ಯಾಮೆರಾ ಯಾವ ಮೋಡ್‌ನಲ್ಲಿತ್ತು ಅಂತ. ಆಟೊ. ಹಗಲು ಬಾಗಿಲು ತೆರೆದಿತ್ತು, ಬೆಳಕು ಚೆನ್ನಾಗಿತ್ತು. ಆಟೊದಲ್ಲಿ ಬೆಳಕು ಜಾಸ್ತಿಯಾದರೆ ಕ್ಯಾಮೆರಾ ತಾನೇ ಅಪರ್ಚರ್ ಮುಚ್ಚಿಕೊಳ್ಳುತ್ತದೆ. ಎಫ್8 ಹತ್ತಿರ ಹೋದರೂ ನಮಗೆ ಹೇಳುವುದಿಲ್ಲ. ಮೊದಲೇ ಸಣ್ಣ ಸೆನ್ಸರ್, ಅದರ ಮೇಲೆ ಇದು. ಎರಡೂ ಸೇರಿ ಹಿಂದಿನದೆಲ್ಲ ಶಾರ್ಪ್. ಹಾಗಾಗಿ ಅಪರ್ಚರ್ ಮ್ಯಾನ್ಯುವಲ್, ಷಟರ್ (ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಎಂದು ಮೊದಲೇ ಕಟ್ಟಿಹಾಕಿದೆವು. ನಮ್ಮ ಕರೆಂಟು 50 ಹರ್ಟ್ಸ್, ವಿಡಿಯೊ 25 ಫ್ರೇಮ್. 1/50 ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ, ಕೈಯ ಚಲನೆಯೂ ಸಹಜವಾಗಿ ಕಾಣುತ್ತದೆ. ಬೆಳಕು ಜಾಸ್ತಿಯಾದರೆ ಷಟರ್ ಮುಟ್ಟಬಾರದು, ಅಪರ್ಚರ್ ಮುಟ್ಟಬಾರದು. ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಬೂದು ಗಾಜು, ಹಾಕಬೇಕು. ಈ ಕ್ಯಾಮೆರಾದ ಒಳಗೇ ಮೂರು ಹಂತದ ಎನ್‌ಡಿ ಇದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ.

ಇಷ್ಟು ಮಾಡಿದ ಮೇಲೂ ಗೋಡೆ ಹಾಗೇ ಇತ್ತು. ಯಾಕೆ ಅಂತ ಅವಳಿಗೆ ಕಾಗದದ ಮೇಲೆ ತೋರಿಸಬೇಕಾಯಿತು.

ಒಂದು ತೂತಿನ ಲೆಕ್ಕ

ಡೆಪ್ತ್ ಆಫ್ ಫೀಲ್ಡ್ (ಮುಂದಿನಿಂದ ಹಿಂದಕ್ಕೆ ಎಷ್ಟು ದೂರ ಶಾರ್ಪ್ ಇರುತ್ತದೆ ಅನ್ನುವುದು) ಅಂದರೆ ಜನ ಎಫ್ ನಂಬರ್ ಹಿಡಿದುಕೊಂಡು ಜಗ್ಗಾಡುತ್ತಾರೆ. ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇದೆ. ಲೆನ್ಸಿನ ಫೋಕಲ್ ಲೆಂತನ್ನು, ಅಂದರೆ ಅದರ ಮೇಲಿನ ಮಿಮೀ ಸಂಖ್ಯೆಯನ್ನು, ಎಫ್ ನಂಬರಿನಿಂದ ಭಾಗಿಸಿ. ಬರುವುದು ಬೆಳಕು ಒಳಗೆ ಹೋಗುವ ತೂತಿನ ಅಗಲ. 50 ಮಿಮೀ ಎಫ್1.8 ಲೆನ್ಸಿನಲ್ಲಿ ಅದು ಸುಮಾರು 28 ಮಿಮೀ. ಡಿಎಸ್ಎಲ್ಆರ್ ಜೊತೆ ಬರುವ ಕಿಟ್ ಲೆನ್ಸಿನಲ್ಲಿ, 55 ಮಿಮೀ ಎಫ್5.6ಕ್ಕೆ, 10 ಮಿಮೀಗೂ ಕಡಿಮೆ. ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಮೂರ್ನಾಲ್ಕು ಮಿಮೀ.

ಈ ತೂತಿನ ಅಗಲವನ್ನು ಮುಖದಿಂದ ಹಿನ್ನೆಲೆಗೆ ಇರುವ ದೂರದಿಂದ ಗುಣಿಸಿ. ಕ್ಯಾಮೆರಾದಿಂದ ಹಿನ್ನೆಲೆಗೆ ಇರುವ ಪೂರ್ತಿ ದೂರದಿಂದ ಭಾಗಿಸಿ. ಹಿನ್ನೆಲೆಯ ಒಂದು ಚುಕ್ಕಿ ಎಷ್ಟು ದೊಡ್ಡ ಮಸುಕು ಬಿಲ್ಲೆಯಾಗಿ ಹರಡುತ್ತದೆ ಅನ್ನುವುದು ಸಿಗುತ್ತದೆ, ಅದೂ ಮುಖದ ಪಕ್ಕದಲ್ಲಿ ಸ್ಕೇಲ್ ಇಟ್ಟು ಅಳೆದ ಹಾಗೆ, ಮಿಲಿಮೀಟರಿನಲ್ಲಿ. ಸೆನ್ಸರ್ ಯಾವುದು, ಮೆಗಾಪಿಕ್ಸೆಲ್ ಎಷ್ಟು, ಏನೂ ಬೇಕಾಗಿಲ್ಲ.

ನಮ್ಮ ಫ್ರೇಮಿನಲ್ಲಿ ತಲೆ ಮತ್ತು ಭುಜ ಬರಬೇಕು. ಅಂದರೆ ಅಗಲ 80 ಸೆಂ.ಮೀ. ಅವಳು ಶೂಟ್ ಮಾಡಿದ್ದು ಒಂದು ಮೀಟರ್ ದೂರದಿಂದ, ಸುಮಾರು 15 ಮಿಮೀಯಲ್ಲಿ. ಅಪರ್ಚರ್ ಪೂರ್ತಿ ತೆರೆದರೂ ತೂತು 5 ಮಿಮೀ. ಗೋಡೆ ಬೆನ್ನಿಂದ 30 ಸೆಂ.ಮೀ. ಲೆಕ್ಕ ಹಾಕಿದರೆ ಮಸುಕು ಒಂದು ಮಿಮೀ ಚಿಲ್ಲರೆ. ಎಚ್‌ಡಿ ಚಿತ್ರದಲ್ಲಿ ಅದು ಎರಡು ಮೂರು ಪಿಕ್ಸೆಲ್. ಇಲ್ಲ ಅಂತಲೇ ಲೆಕ್ಕ.

"ಹಿಂದ ಸರದು ಝೂಮ್ ಮಾಡಿದ್ರ?" ಅಂದಳು. ಎಲ್ಲರೂ ಹೇಳುವ ಉಪಾಯ ಅದೇ, ಅಲ್ವಾ? ಕೋಣೆಯ ಆ ತುದಿಗೆ ಹೋದರೆ ಮೂರೂವರೆ ಮೀಟರ್ ಸಿಗುತ್ತದೆ. ಅಲ್ಲಿಂದ ಅದೇ ಫ್ರೇಮ್ ಹಿಡಿಯಲು 52 ಮಿಮೀ ಬೇಕು. ಎಫ್4 ಅಂತ ಹಿಡಿದರೆ ತೂತು 13 ಮಿಮೀ, ಮೊದಲಿಗಿಂತ ಎರಡೂವರೆ ಪಟ್ಟು ದೊಡ್ಡದು. ಆದರೆ ಈಗ ಗೋಡೆ ಕ್ಯಾಮೆರಾದಿಂದ 3.8 ಮೀಟರ್. 13 ಗುಣಿಸು 0.3, ಭಾಗಿಸು 3.8. ಬಂದದ್ದು ಮತ್ತೆ ಒಂದು ಮಿಮೀ! ಹುಡುಗಿ ಎರಡು ಸಲ ಕ್ಯಾಲ್ಕ್ಯುಲೇಟರ್ ಒತ್ತಿದಳು.

ಝೂಮ್ ಮಾಡಿದರೆ ಹಿನ್ನೆಲೆ ಮಸುಕಾಗುತ್ತದೆ ಅನ್ನುವ ಮಾತು ಸುಳ್ಳಲ್ಲ. ಹಿನ್ನೆಲೆ ದೂರ ಇದ್ದಾಗ ಮಾತ್ರ ನಿಜ. ಗೋಡೆ ಬೆನ್ನಿಗೆ ಅಂಟಿಕೊಂಡಿದ್ದರೆ ಎಷ್ಟು ಹಿಂದೆ ಸರಿದರೂ ಲಾಭವಿಲ್ಲ. 50 ಮಿಮೀ ಎಫ್1.8 ತಂದರೂ ಈ ಗೋಡೆಯ ಮೇಲೆ ಸಿಗುವುದು 4 ಮಿಮೀ ಮಸುಕು. ಕ್ಯಾಲೆಂಡರ್ ಇನ್ನೂ ಕ್ಯಾಲೆಂಡರೇ.

ಬೇರೆ ಕಡೆ ಆಗಿದ್ದರೆ ಕುರ್ಚಿಯನ್ನು ನಾಲ್ಕಡಿ ಮುಂದೆ ಎಳೆಯಿರಿ ಅನ್ನುತ್ತಿದ್ದೆ. ಇಲ್ಲಿ ಮಗ್ಗದ ಕುಣಿ ನೆಲದಲ್ಲೇ ತೋಡಿದ್ದು. ಮಗ್ಗ ಸರಿಯುವುದಿಲ್ಲ, ಗೋಡೆಯೂ ಸರಿಯುವುದಿಲ್ಲ. ಈ ಕೇಸಿನ ತೊಡಕು ಇರುವುದೇ ಅಲ್ಲಿ.

ಗೋಡೆಯನ್ನು ಮಸುಕು ಮಾಡಲಾಗದಿದ್ದರೆ ಕತ್ತಲು ಮಾಡು

ಮೊದಲ ಕೆಲಸಕ್ಕೆ ಕ್ಯಾಮೆರಾ ಬೇಕಾಗಲೇ ಇಲ್ಲ. ಸಂತೆ ಚೀಲ ತೆಗೆದೆವು. ದೇವರ ಫೋಟೊ ಹಾಗೇ ಬಿಟ್ಟೆವು, ಅದು ಆ ಮನೆಯದು. ಕ್ಯಾಲೆಂಡರ್ ಪಕ್ಕದ ಗೋಡೆಗೆ ಹೋಯಿತು. ಸ್ವಿಚ್ ಬೋರ್ಡ್ ಮಾತ್ರ ಉಳಿಯಿತು.

ಆ ಕೋಣೆಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಹಗಲು ಅದರಿಂದ ಬೀಳುವ ಬೆಳಕು ಮಗ್ಗದ ಮೇಲೂ ಮುಖದ ಮೇಲೂ ಚೆನ್ನಾಗಿ ಬರುತ್ತದೆ. ಗೋಡೆಗೆ ಬೆಳಕು ಬರುತ್ತಿದ್ದದ್ದು ಪಕ್ಕದ ಕಿಟಕಿಯಿಂದ. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಹಿಂದಿನ ಬಾಗಿಲಿಗೆ ಒಂದು ಕರಿ ಕಂಬಳಿ ಇಳಿಬಿಟ್ಟಾಗ ಗೋಡೆ ಮುಖಕ್ಕಿಂತ ಸುಮಾರು ಎರಡು ಸ್ಟಾಪ್ ಕೆಳಗಿಳಿಯಿತು, ಅಂದರೆ ಬೆಳಕು ನಾಲ್ಕನೇ ಒಂದು ಭಾಗ. ಎಕ್ಸ್‌ಪೋಷರನ್ನು ಮುಖಕ್ಕೆ ಹಿಡಿದರೆ ಸ್ವಿಚ್ ಬೋರ್ಡ್ ಇದೆಯೋ ಇಲ್ಲವೋ ಅನ್ನುವಷ್ಟು ಮಂಕು.

ಲೈಟ್ ಇಟ್ಟು ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಎಲ್‌ಇಡಿ ಪ್ಯಾನೆಲನ್ನು ಮುಖದಿಂದ 60 ಸೆಂ.ಮೀ.ಗೆ ತಂದು, ಅದೇ ಲೈಟಿನಿಂದ ಗೋಡೆ 1.2 ಮೀಟರ್ ದೂರ ಇದ್ದರೆ, ಗೋಡೆಗೆ ಬೀಳುವುದು ನಾಲ್ಕನೇ ಒಂದು ಭಾಗ ಬೆಳಕು. ಲೈಟನ್ನು ಎರಡು ಮೀಟರ್ ಹಿಂದಿಟ್ಟರೆ ಮುಖಕ್ಕೆ ಬೀಳುವ ಬೆಳಕಿನ ಅರ್ಧಕ್ಕಿಂತ ಹೆಚ್ಚು ಗೋಡೆಗೂ ಬೀಳುತ್ತದೆ, ದೂರ ಹೋದಷ್ಟೂ ಎರಡೂ ಒಂದೇ ಆಗುತ್ತಾ ಹೋಗುತ್ತವೆ. ಮದುವೆ ಹಾಲ್‌ಗಳಲ್ಲಿ ದೊಡ್ಡ ಲೈಟನ್ನು ದೂರ ನಿಲ್ಲಿಸಿ ಹೊಡೆಯುತ್ತಾರಲ್ಲ, ಅಲ್ಲಿ ಎಲ್ಲ ಮುಖಗಳೂ ಪರದೆಗೆ ಅಂಟಿಸಿದ ಹಾಗೆ ಕಾಣುವುದು ಇದರಿಂದಲೇ.

ಮುಂದಿನ ನೂಲು

ಇಲ್ಲಿಯವರೆಗೆ ಎಲ್ಲರೂ ಹಿಂದೆಯೇ ನೋಡುತ್ತಿದ್ದೆವು. ಮಸುಕು ಮುಂದೆಯೂ ಬರುತ್ತದೆ. ಸಣ್ಣ ಕ್ಯಾಮೆರಾದವರಿಗೆ ನಿಜವಾದ ಆಸ್ತಿ ಅದೇ.

ಅದೇ ಲೆಕ್ಕವನ್ನು ಮುಂದಿನ ವಸ್ತುವಿಗೆ ಹಾಕಿ ನೋಡಿ. ತೂತಿನ ಅಗಲ, ಗುಣಿಸು ಆ ವಸ್ತುವಿನಿಂದ ಮುಖದವರೆಗಿನ ದೂರ, ಭಾಗಿಸು ಕ್ಯಾಮೆರಾದಿಂದ ಆ ವಸ್ತುವಿನ ದೂರ. ಹಿನ್ನೆಲೆ ಎಷ್ಟೇ ದೂರ ಹೋಗಲಿ, ಅದರ ಮಸುಕು ತೂತಿನ ಅಗಲ ದಾಟುವುದಿಲ್ಲ. 13 ಮಿಮೀ ತೂತಾದರೆ ಬಾದಾಮಿ ಬೆಟ್ಟವೇ ಹಿನ್ನೆಲೆಯಾದರೂ 13 ಮಿಮೀಗೆ ನಿಲ್ಲುತ್ತದೆ. ಮುಂದಿನದಕ್ಕೆ ಆ ಮಿತಿ ಇಲ್ಲ. ಲೆನ್ಸಿಗೆ ಹತ್ತಿರ ತಂದಷ್ಟೂ ಬೆಳೆಯುತ್ತಲೇ ಹೋಗುತ್ತದೆ.

ಕುಣಿ ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ನೇಕಾರರ ಎದುರಿಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಈ ಮನೆಯಲ್ಲಿ ಅದು ಕೋಣೆಯ ಉದ್ದಕ್ಕೂ, ಸುಮಾರು ಮೂರು ಮೀಟರ್ ಬಂದು, ಹಗ್ಗದಿಂದ ಗೂಟಕ್ಕೆ ಕಟ್ಟಿತ್ತು. ಕ್ಯಾಮೆರಾವನ್ನು ಆ ಗೂಟದ ಹಿಂದೆ, ಹಾಸಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಇಟ್ಟೆವು. ಟ್ರೈಪಾಡ್ ಅಷ್ಟು ಕೆಳಗಿಳಿಯಲಿಲ್ಲ. ಒಂದು ಮಣೆ, ಅದರ ಮೇಲೆ ಅಕ್ಕಿ ತುಂಬಿದ ಚೀಲ, ಅದರ ಮೇಲೆ ಕ್ಯಾಮೆರಾ. ನೂಲಿನ ತುದಿ ಲೆನ್ಸಿನಿಂದ ಅರ್ಧ ಮೀಟರ್, ಮುಖ ಮೂರೂವರೆ ಮೀಟರ್. 13 ಗುಣಿಸು 3, ಭಾಗಿಸು 0.5. ಎಪ್ಪತ್ತೆಂಟು ಮಿಮೀ!

ಅಂದರೆ ಫ್ರೇಮಿನ ಅಗಲದ ಹತ್ತನೇ ಒಂದು ಭಾಗ. ಹಿಂದೆ ಒಂದು ಮಿಮೀಗೆ ಒದ್ದಾಡುತ್ತಿದ್ದ ಕ್ಯಾಮೆರಾವೇ ಇದು. ನೂರಾರು ಎಳೆಗಳು ಒಂದಕ್ಕೊಂದು ಕರಗಿ, ಫ್ರೇಮಿನ ಕೆಳಗಿನ ಅರ್ಧ ತುಂಬಾ ಕಡುಕೆಂಪು ಬಣ್ಣ. ಮುಖದ ಕಡೆ ಹೋಗುತ್ತಾ ಹೋಗುತ್ತಾ ಆ ಬಣ್ಣ ಸಾಲಾಗಿ ಒಡೆದು, ಹಣಿಗೆಯ (ನೂಲು ಬಡಿಯುವ ಬಾಚಣಿಗೆ) ಹತ್ತಿರ ಒಂದೊಂದೇ ಎಳೆಯಾಗಿ ಬಿಡಿಬಿಡಿಯಾಗುತ್ತದೆ. ಕಣ್ಣು ಆ ದಾರಿಯಲ್ಲೇ ನಡೆದು ಮುಖಕ್ಕೆ ಹೋಗಿ ನಿಲ್ಲುತ್ತದೆ. ಹಿಂದಿನ ಗೋಡೆ ಶಾರ್ಪ್ ಆಗೇ ಇದೆ, ಯಾರೂ ನೋಡುವುದಿಲ್ಲ.

ಇಲ್ಲಿ ಒಂದು ಕಿರಿಕಿರಿ ಇದೆ. ಆಟೊಫೋಕಸ್ ಬಿಟ್ಟರೆ ಅದು ಮುಂದಿನ ನೂಲಿಗೆ ಓಡಿಹೋಗುತ್ತದೆ. ಫೋಕಸ್ ಮ್ಯಾನ್ಯುವಲ್ ಮಾಡಿ, ಪೂರ್ತಿ ಝೂಮ್ ಮಾಡಿ ಕಣ್ಣಿಗೆ ಫೋಕಸ್ ಹಿಡಿದು, ಆಮೇಲೆ ಬೇಕಾದ ಫ್ರೇಮಿಗೆ ವಾಪಸ್ ಬರಬೇಕು. ಹಳೆಯ ವಿಡಿಯೊದವರು ಸೋನಿ ಪಿಡಿ170 ಕ್ಯಾಮೆರಾದ ಕಾಲದಿಂದ ಹೀಗೇ ಮಾಡುತ್ತಿದ್ದರು.

ಡಿಎಸ್ಎಲ್ಆರ್ ತರಿಸಿದ್ದೂ ಈ ಶಾಟಿಗೇ. 50 ಮಿಮೀ ಎಫ್1.8 ಹಾಕಿ, ಫ್ರೇಮ್ ಒಂದೇ ಇರಲೆಂದು 1.8 ಮೀಟರಿಗೆ ಹತ್ತಿರ ತಂದು ನೋಡಿದೆವು. ನಿಂತ ಚಿತ್ರದಲ್ಲಿ ಬಹಳ ಚೆಂದ. ಆದರೆ ನೇಯುವವರು ಸುಮ್ನೆ ಕೂತಿರುವುದಿಲ್ಲ. ಲಾಳಿ ದಾಟಿದ ಮೇಲೆ ಹಣಿಗೆ ಎಳೆದು ಬಡಿಯುವಾಗ ಇಡೀ ಮೈ ಮುಂದೆ ಹಿಂದೆ ಒಂದು ಗೇಣು ತೂಗುತ್ತದೆ. ಎಫ್1.8ರಲ್ಲಿ ಶಾರ್ಪ್ ಇರುವ ಪಟ್ಟಿ ಒಟ್ಟು 9 ಸೆಂ.ಮೀ. ಒಳಗೆ. ಪ್ರತಿ ಬಡಿತಕ್ಕೂ ಮುಖ ಫೋಕಸ್‌ನಿಂದ ಆಚೆ ಹೋಗಿ ವಾಪಸ್ ಬರುತ್ತಿತ್ತು. ಹ್ಯಾಂಡಿಕ್ಯಾಮಿನಲ್ಲಿ, 52 ಮಿಮೀ ಎಫ್4ರಲ್ಲಿ, ಆ ಪಟ್ಟಿ ಸುಮಾರು 35 ಸೆಂ.ಮೀ. ಅವರು ಎಷ್ಟು ತೂಗಿದರೂ ಒಳಗೇ. ಡಿಎಸ್ಎಲ್ಆರ್‌ನಲ್ಲಿ ಎಫ್4 ಮಾಡಿಕೊಳ್ಳಬಹುದಿತ್ತು. ಆಗ ಅದನ್ನು ತಂದ ಉದ್ದೇಶವೇ ಇಲ್ಲವಾಗುತ್ತಿತ್ತು. ಹ್ಯಾಂಡಿಕ್ಯಾಮೇ ಉಳಿಯಿತು.

2008ರಲ್ಲಿ ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಬಂದು ಫೋಟೊ ಕ್ಯಾಮೆರಾದಲ್ಲಿ ವಿಡಿಯೊ ಶುರುವಾದ ಮೇಲೆ, ಹಿನ್ನೆಲೆ ಮಸುಕಿದ್ದರೇ ಸಿನಿಮಾ ಅನ್ನುವ ಒಂದು ರೂಢಿ ಬೆಳೆದುಬಿಟ್ಟಿದೆ. ಅದಕ್ಕೂ ಮೊದಲು 1/3 ಇಂಚಿನ ಸೆನ್ಸರಿನ ಕ್ಯಾಮೆರಾದವರು ಲೆನ್ಸಿನ ಮುಂದೆ ಅಡಾಪ್ಟರ್ ಕಟ್ಟಿ, ದೊಡ್ಡ ಫೋಟೊ ಲೆನ್ಸಿನ ಚಿತ್ರವನ್ನು ಒಂದು ಮಂಜುಗಾಜಿನ ಮೇಲೆ ಬೀಳಿಸಿ, ಆ ಗಾಜನ್ನೇ ಶೂಟ್ ಮಾಡುತ್ತಿದ್ದರು. ಅಷ್ಟು ಪಡಿಪಾಟಲು! ಈಗ ಮೊಬೈಲಿನಲ್ಲಿ ಸಾಫ್ಟ್‌ವೇರೇ ಮಸುಕು ಮಾಡಿಕೊಡುತ್ತದೆ. ಇಲ್ಲೂ ಪರೀಕ್ಷೆ ಮಾಡಿದೆವು. ಮುಖದ ಸುತ್ತ ಪರವಾಗಿಲ್ಲ. ಹಾಸಿನ ಎಳೆಗಳ ಹತ್ತಿರ ಬಂದಾಗ ಯಾವುದು ಮುಂದೆ ಯಾವುದು ಹಿಂದೆ ಅಂತ ಅದಕ್ಕೆ ಬಗೆಹರಿಯಲಿಲ್ಲ. ಅರ್ಧ ಎಳೆ ಶಾರ್ಪ್, ಅರ್ಧ ಎಳೆ ಮಾಯ.

ದೊಡ್ಡವ್ವನ ತಕರಾರು

ನೂಲಿನ ಶಾಟನ್ನು ಅವರಿಗೆ ತೋರಿಸಿದೆವು. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೊಲೊ ಬಂದೈತಿ ತಮ್ಮಾ. ಆದ್ರ ನನ್ನ ಮಗ್ಗ ಎಲ್ಲೈತಿ?" ಅಂದರು.

ನ್ಯಾಯವಾದ ಪ್ರಶ್ನೆ. ಮಗ್ಗದ ಮೇಲೆ ವಿಡಿಯೊ ಮಾಡುತ್ತಾ ಮಗ್ಗವನ್ನೇ ಬಣ್ಣದ ಮೋಡ ಮಾಡಿಟ್ಟರೆ ಹೇಗೆ? ಡೆಪ್ತ್ ಹಿಡಿತದಲ್ಲಿರಬೇಕು ಅಂದರೆ ಕಡಿಮೆ ಮಾಡುವುದು ಮಾತ್ರ ಅಲ್ಲ. ಕೆಲವು ಕಡೆ ಪೂರ್ತಿ ಬಿಚ್ಚಿಡಬೇಕು. ಅದರಲ್ಲಿ ಈ ಕ್ಯಾಮೆರಾ ರಾಜ. 9.3 ಮಿಮೀ, ಎಫ್4. ಫೋಕಸನ್ನು 2.2 ಮೀಟರಿಗೆ ಇಟ್ಟರೆ ಸುಮಾರು 1.1 ಮೀಟರಿನಿಂದ ಆಚೆ ಕಣ್ಣು ಹಾಯುವವರೆಗೆ ಎಲ್ಲವೂ ಶಾರ್ಪ್. ಕೋಣೆಯ ಮೂಲೆಯಲ್ಲಿ ನಿಂತು ಒಂದು ಉದ್ದನೆಯ ಶಾಟ್ ತೆಗೆದೆವು. ಹತ್ತಿರದಲ್ಲಿ ಯಜಮಾನರು ರಾಟಿಯಲ್ಲಿ ಕಂಡಿಕಿ (ಲಾಳಿಯೊಳಗಿನ ನೂಲಿನ ಕೊಳವೆ) ಸುತ್ತುತ್ತಿದ್ದಾರೆ. ನಡುವೆ ಹಾಸು. ಆ ತುದಿಗೆ ದೊಡ್ಡವ್ವ ಲಾಳಿ ಹಾಕುತ್ತಿದ್ದಾರೆ. ಬಾಗಿಲಾಚೆ ಓಣಿಯಲ್ಲಿ ಮಕ್ಕಳು. ಕಿಟಕಿ ತೆಗೆದೆವು, ಟ್ಯೂಬ್‌ಲೈಟ್ ಹಾಕಿದೆವು, ಸಂತೆ ಚೀಲವನ್ನೂ ಅದರ ಮೊಳೆಗೆ ವಾಪಸ್ ತೂಗುಹಾಕಿದೆವು. ಈ ಶಾಟಿನಲ್ಲಿ ಎಲ್ಲವೂ ಕಾಣಬೇಕಿತ್ತು. ನನ್ನ ಕೇಳಿದರೆ ಇಡೀ ವಿಡಿಯೊದಲ್ಲಿ ಒಳ್ಳೆಯ ಶಾಟ್ ಇದೇ.

ಕೊಂಡಿ

ಕ್ಲೋಸ್‌ಅಪ್‌ನಲ್ಲಿ ಕಷ್ಟ ತಲೆಕೆಳಗಾಯಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಬೆರಳ ತುದಿಯ ಕೆಲಸ. ಅದನ್ನು ತೋರಿಸಲು ಫ್ರೇಮ್ 8 ಸೆಂ.ಮೀ. ಅಗಲಕ್ಕೆ ಇಳಿಯಬೇಕು. ಅಲ್ಲಿ ಎಫ್4ರಲ್ಲಿ ಶಾರ್ಪ್ ಇರುವ ಪಟ್ಟಿ ಬರೀ 4 ಮಿಮೀ. ಹೆಬ್ಬೆರಳಿನ ಉಗುರು ಕಂಡರೆ ಎಳೆ ಕಾಣುವುದಿಲ್ಲ. ಎಲ್ಲವೂ ಶಾರ್ಪ್ ಅಂತ ಬೈಸಿಕೊಂಡ ಕ್ಯಾಮೆರಾ ಇಲ್ಲಿ ಏನನ್ನೂ ಪೂರ್ತಿ ತೋರಿಸುತ್ತಿಲ್ಲ.

ಎಫ್8 ಮಾಡಿದೆವು, 8 ಮಿಮೀ ಸಿಕ್ಕಿತು. ಇನ್ನೂ ಮುಚ್ಚಿ ಎಫ್11ಕ್ಕೆ ಹೋದರೆ ಇಷ್ಟು ಸಣ್ಣ ಸೆನ್ಸರಿನಲ್ಲಿ, ಬೆಳಕು ಸಣ್ಣ ತೂತಿನಲ್ಲಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಾಗಾಗಿ ಅಲ್ಲಿಗೆ ನಿಲ್ಲಿಸಿ, ಕ್ಯಾಮೆರಾದ ಕೋನ ಬದಲಾಯಿಸಿದೆವು. ಓರೆಯಾಗಿ ನೋಡಿದರೆ ಹಾಸು ಆಳಕ್ಕೆ ಹೋಗುತ್ತದೆ, 8 ಮಿಮೀ ಸಾಲದು. ನೇರ ಮೇಲಿನಿಂದ, ಲೆನ್ಸು ಹಾಸಿಗೆ ಎದುರಾಗಿ ನಿಂತರೆ ಎಳೆಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ. ಬೆರಳು ಅದರ ಮೇಲೆ ಸ್ವಲ್ಪ ಏರಿಳಿಯುತ್ತದೆ, ಅಷ್ಟೇ. 8 ಮಿಮೀ ಧಾರಾಳ.

ಇನ್ನೊಂದು ತೊಂದರೆ ನೆರಳಿನದು. ಇಷ್ಟು ಸಣ್ಣ ಫ್ರೇಮಿಗೆ ಕ್ಯಾಮೆರಾ ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಆಗ ಬೆಳಕಿಂಡಿಯ ಬೆಳಕಿಗೆ ಕ್ಯಾಮೆರಾವೇ ಅಡ್ಡ. ಭೂತಗನ್ನಡಿಯಂತೆ ಲೆನ್ಸಿನ ಮುಂದೆ ಕೂರುವ +2 ಕ್ಲೋಸ್‌ಅಪ್ ಫಿಲ್ಟರ್ ತಿರುಗಿಸಿ ಹಾಕಿದ ಮೇಲೆ ಅರ್ಧ ಮೀಟರ್ ದೂರದಿಂದಲೇ, 75 ಮಿಮೀ ಝೂಮ್‌ನಲ್ಲಿ, ಅದೇ ಫ್ರೇಮ್ ಸಿಕ್ಕಿತು. ನೆರಳು ಹೋಯಿತು. ಅವರ ಕೈಗೂ ಓಡಾಡಲು ಜಾಗ ಸಿಕ್ಕಿತು.

ಕಟ್ಟೆಯ ಮೇಲೆ ಮಾತು

ಮಾತಾಡಿಸುವ ಭಾಗವನ್ನು ಮಗ್ಗದ ಮೇಲೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಹೊರಗೆ ಕಟ್ಟೆ ಇತ್ತು, ಎದುರಿಗೆ ಉದ್ದನೆಯ ಓಣಿ. ಮೂರು ಗಂಟೆಯ ಮೇಲೆ ಓಣಿ ಪೂರ್ತಿ ನೆರಳು. ಓಣಿಯ ಉದ್ದಕ್ಕೆ ಕ್ಯಾಮೆರಾ ತಿರುಗಿಸಿದರೆ ಬೆನ್ನಿಂದ ಆರು ಮೀಟರ್ ಆಚೆ ಮುಂದಿನ ಮನೆಯ ನೀಲಿ ಬಾಗಿಲು. ಬಿಸಿಲಿಗೆ ಬೆಳಗುವ ಗೋಡೆ ಹಿಂದೆ ಇದ್ದರೆ ಎಷ್ಟು ಮಸುಕಾದರೂ ಬಿಳಿ ಕಲೆಯಾಗಿ ಕುಕ್ಕುತ್ತದೆ. ನೆರಳಿಗೆ ಕಾದದ್ದು ಅದಕ್ಕೇ.

ಇಲ್ಲಿ ಝೂಮ್ ಕೆಲಸ ಮಾಡಿತು. ಐದು ಮೀಟರ್ ದೂರದಿಂದ, 75 ಮಿಮೀ, ಎಫ್4, ಒಳಗಿನ ಮೊದಲ ಹಂತದ ಎನ್‌ಡಿ. ಹಿನ್ನೆಲೆಯ ಮಸುಕು 10 ಮಿಮೀ. ಬಾಗಿಲು ಬಾಗಿಲೆಂದು ಗೊತ್ತಾಗುತ್ತದೆ, ಅದರ ಚಿಲಕ ಕಾಣುವುದಿಲ್ಲ. ಪೂರ್ತಿ ಝೂಮ್ ಮಾಡಿ ಏಳೂವರೆ ಮೀಟರಿಗೆ ಹೋದರೆ 11 ಮಿಮೀ ಆಗುತ್ತಿತ್ತು. ಒಂದು ಮಿಮೀ ಆಸೆಗೆ ಅಷ್ಟು ದೂರ ಹೋದರೆ ನಡುವೆ ಬೈಕು, ಕುರಿ, ನೀರಿನ ಕೊಡ ಹೊತ್ತವರು ಎಲ್ಲರೂ ದಾಟುತ್ತಾರೆ. ಐದು ಮೀಟರಿನಲ್ಲೇ ಕ್ಯಾಮೆರಾದ ಮೈಕು ಉಪಯೋಗಕ್ಕೆ ಬರಲಿಲ್ಲ. ಮೊಬೈಲಿಗೆ ಕಾಲರ್ ಮೈಕ್ ಸಿಕ್ಕಿಸಿ ಅವರ ಮಡಿಲಲ್ಲಿ ಇಟ್ಟು ರೆಕಾರ್ಡ್ ಮಾಡಿಕೊಂಡೆವು. ಶುರುವಿನಲ್ಲಿ ಒಂದು ಚಪ್ಪಾಳೆ, ಆಮೇಲೆ ಎಡಿಟಿಂಗ್‌ನಲ್ಲಿ ಎರಡನ್ನೂ ಕೂಡಿಸಲು.

ಅದೇ ಜಾಗದಲ್ಲಿ ಡಿಎಸ್ಎಲ್ಆರ್ ಕೂಡ ಹಿಡಿದು ನೋಡಿದೆವು. ಕಿಟ್ ಲೆನ್ಸಿನಲ್ಲಿ, 55 ಮಿಮೀ ಎಫ್5.6ಕ್ಕೆ, ಏಳು ಮಿಮೀ ಚಿಲ್ಲರೆ. ಹ್ಯಾಂಡಿಕ್ಯಾಮಿಗಿಂತ ಕಡಿಮೆಯೇ! ಬರೀ ಬಾಡಿ ನೋಡಿ ಮರುಳಾಗುವವರಿಗೆ ಇದನ್ನು ತೋರಿಸಬೇಕು. 50 ಮಿಮೀ ಎಫ್1.8ರಲ್ಲಿ 21 ಮಿಮೀ. ಅದು ಬೇರೆಯೇ ಮಟ್ಟ. ಇಲ್ಲಿ ದೊಡ್ಡವ್ವ ಕೂತು ಮಾತಾಡುತ್ತಾರೆ, ತೂಗುವುದಿಲ್ಲ. ಅರ್ಧ ಮಾತನ್ನು ಇದರಲ್ಲೂ ತೆಗೆದುಕೊಂಡೆವು. ಎಫ್2.8ಕ್ಕೆ ಇಳಿಸಿ, ಮಾತಿನ ಭರದಲ್ಲಿ ಮುಂದೆ ಬಾಗಿದರೂ ಮುಖ ತಪ್ಪದಿರಲಿ ಎಂದು.

ಕೊನೆಗೆ ಹುಡುಗಿ ಕೇಳಿದ್ದು, ಆ ಹಳೆಯ ಡಿಎಸ್ಎಲ್ಆರ್ ಮತ್ತು 50 ಮಿಮೀ ಲೆನ್ಸ್ ಕೊಂಡುಬಿಡಲೇ ಅಂತ. ಕೂರಿಸಿ ಮಾತಾಡಿಸುವ ವಿಡಿಯೊಗಳನ್ನೇ ಜಾಸ್ತಿ ಮಾಡುವುದಾದರೆ ಖಂಡಿತ ತಗೋ ಅಂದೆ. ಅವಳ ಪಟ್ಟಿಯಲ್ಲಿ ಮುಂದಿದ್ದದ್ದು ಗುಳೇದಗುಡ್ಡದ ಖಣ ನೇಯುವ ಮನೆ. ಅಲ್ಲೂ ಮಗ್ಗ, ಗೋಡೆಗೆ ಬೆನ್ನು. ಅದಕ್ಕಾದರೆ ಈಗಿರುವ ಕ್ಯಾಮೆರಾ ಸಾಕು. ಲೆನ್ಸಿನ ಬಾಯಿ 62 ಮಿಮೀ. ಆ ಅಳತೆಯ ಒಂದು ಕ್ಲೋಸ್‌ಅಪ್ ಫಿಲ್ಟರ್ ತನ್ನದೇ ಇರಲಿ, ನನ್ನದನ್ನು ವಾಪಸ್ ಕೊಡಲಿ.